ಉಸಿರು ಬಿಟ್ಟಾಗಿನ ಅಳತೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಒದ್ದೆ ತಲೆಯಲ್ಲೇ ಮುಂದಿನ ಸಾಲು ಹಿಡಿದಿರುವ ಮಕ್ಕಳೇ, ಟವೆಲ್ ಹಿಡಿದು ಅವರ ಹಿಂದೆ ಕೂತಿರುವ ತಾಯಂದಿರೇ, ಫ್ಯಾನಿನ ಕೆಳಗಿನ ಜಾಗ ಹುಡುಕಿಕೊಂಡ ಬುದ್ಧಿವಂತ ಸಭಿಕರೇ,

ಈಜುಕೊಳದ ವಾರ್ಷಿಕೋತ್ಸವಕ್ಕೆ ದರ್ಜಿಯನ್ನೇಕೆ ಕರೆದರು ಎಂದು ನೀವು ಯೋಚಿಸುತ್ತಿರಬಹುದು. ಜನ ಬಟ್ಟೆ ಕಳಚುವ ಜಾಗದಲ್ಲಿ ಬಟ್ಟೆ ಹೊಲಿಯುವವನಿಗೇನು ಕೆಲಸ? ಇಲ್ಲಿನ ಸಿಬ್ಬಂದಿಯ ಸಮವಸ್ತ್ರ ಹೊಲಿದವನು ನಾನು. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ ಓದಿದವನು. ಆದರೂ ನನ್ನ ಭಾಷಣಕ್ಕೆ ಯಾರೂ ತೂಕಡಿಸಿದ್ದಿಲ್ಲ. ಈ ಭುಜಗಳನ್ನು ನೋಡಿ. ಅರವತ್ತು ದಾಟಿದವನ ಭುಜಗಳೇ ಇವು? ಪ್ರಾಯದಲ್ಲಿ ತುಂಬಿ ಹರಿಯುವ ಹೊಳೆಯನ್ನು ಈ ದಡದಿಂದ ಆ ದಡಕ್ಕೆ ದಾಟಿದವನು ನಾನು. ಇರಲಿ, ನನ್ನನ್ನು ನಾನೇ ಹೊಗಳಿಕೊಳ್ಳಬಾರದು. ಸಮಯ ಉಳಿದರೆ ಕೊನೆಯಲ್ಲಿ ನೋಡೋಣ.

ಇಂದು ಹೇಳಬೇಕಾದದ್ದು ನನ್ನ ಸೋದರಳಿಯನ ವಿಷಯ. ನಿಮ್ಮ ಮಕ್ಕಳಿಗೆ ಈಜು ಕಲಿಸುವ ಮೇಷ್ಟ್ರು. ಅಗೋ, ಬಾಗಿಲ ಬಳಿ ಕತ್ತಿನವರೆಗೆ ಗುಂಡಿ ಹಾಕಿಕೊಂಡು, ಸೀಟಿ ಕಚ್ಚಿಕೊಂಡು, ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾನಲ್ಲ, ಅವನೇ. ಅವನನ್ನು ಕೇಳಿಯೇ ಹೇಳುತ್ತಿದ್ದೇನೆ. "ಹೇಳ್ಕೋ ಮಾವ. ಆದ್ರೆ ನನ್ನ ಗುಟ್ಟು ಒಂದು ಹೇಳಿದ್ರೆ ನಿನ್ನದು ಎರಡು ಹೇಳ್ಬೇಕು" ಎಂದು ಷರತ್ತು ಹಾಕಿದ. ಒಪ್ಪಿಕೊಂಡೆ. ನನ್ನಲ್ಲಿ ಗುಟ್ಟುಗಳೆಲ್ಲಿವೆ?

ಚಿಕ್ಕವನಿದ್ದಾಗ ಇವನನ್ನು ನೀರಿನಿಂದ ಎಳೆದು ತರುವುದೇ ಮನೆಯವರಿಗೆ ದೊಡ್ಡ ಕೆಲಸವಾಗಿತ್ತು. ಅಂಥವನು ಈಗ ಎರಡು ವರ್ಷದಿಂದ ದಡದಲ್ಲಿ ನಿಂತೇ ಪಾಠ ಹೇಳುತ್ತಾನೆ. ಅಂಗಿ ಬಿಚ್ಚುವುದಿಲ್ಲ. ಒಂದು ದಿನ ಪುಟ್ಟ ಹುಡುಗಿಯೊಬ್ಬಳು, "ಸಾರ್, ನಿಮಗೆ ಈಜು ಬರುತ್ತಾ?" ಎಂದಳಂತೆ. ಅಂದು ಇವನು ಊಟ ಮಾಡಲಿಲ್ಲ. ತಂಗಿ ನನ್ನ ಅಂಗಡಿಗೆ ಬಂದು ಕಣ್ಣೊರೆಸಿಕೊಂಡಳು. "ಅಣ್ಣಾ, ಕನ್ನಡಿ ಮುಂದೆ ನಿಂತ್ರೆ ತಟ್ಟೆಯಲ್ಲಿ ಊಟ ಆರಿಹೋಗುತ್ತೆ. ಮೈ ಬೆಳೆಸೋ ಪುಡಿ ಡಬ್ಬಿ ಡಬ್ಬಿ ಕಲಸಿ ಕುಡೀತಾನೆ. ನನ್ನ ಮೈಯಲ್ಲಿ ಏನೂ ಇಲ್ಲ ಅಂತಾನೆ. ನೀನಾದ್ರೂ ಕೇಳು."

ನಾನೇನು ಕೇಳಲಿ? ನನಗೆ ಗೊತ್ತಿರುವುದು ಟೇಪು ಮಾತ್ರ. ಸಮವಸ್ತ್ರದ ನೆಪದಲ್ಲಿ ಕರೆಸಿ ಎದೆಗೆ ಟೇಪು ಸುತ್ತಿದೆ. ಇವನು ಎದೆ ಉಬ್ಬಿಸಿ ಕಂಬದಂತೆ ನಿಂತ.

"ಉಸಿರು ಬಿಡೋ."

"ಬಿಟ್ಟಿದ್ದೀನಿ ಮಾವ." ಮುಖ ಕೆಂಪಾಗಿತ್ತು.

ಹುಡುಗರೆಲ್ಲ ಹೀಗೆಯೇ. ಅನುಭವ ಇರುವ ದರ್ಜಿ ಉಬ್ಬಿದ್ದನ್ನು ಕಳೆದು ಬಟ್ಟೆ ಕತ್ತರಿಸುತ್ತಾನೆ. ಆದರೆ ಇವನು ಅಲ್ಲಿಯವರೆಗೆ ನನ್ನ ಹತ್ತಿರ ಬರಲು ನಾಚಿಕೊಂಡು ಬೇರೆ ಅಂಗಡಿಯಲ್ಲಿ ಹೊಲಿಸುತ್ತಿದ್ದ. ಅಲ್ಲಿನವನು ಟೇಪು ತೋರಿಸಿದಷ್ಟನ್ನೇ ಕತ್ತರಿಸಿದ. ಉಸಿರು ಹಿಡಿದವನಿಗೆ ಹೊಲಿದ ಅಂಗಿ ಉಸಿರಾಡುವವನಿಗೆ ಸರಿಯಾದೀತೇ? "ಅಂಗಿಗಳೆಲ್ಲ ಸಡಿಲ ಆಗ್ತಿವೆ ಮಾವ. ಎಷ್ಟು ಭಾರ ಎತ್ತಿದ್ರೂ ಕರಗ್ತಾನೇ ಇದ್ದೀನಿ" ಎಂದ. ನನಗೆ ನಗುವೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು.

ನಾನು ಸುಮ್ಮನೆ, "ನಿಮ್ಮಮ್ಮ ಬೆಳಿಗ್ಗೆ ಏನಂದು ಬೈದಳೋ?" ಎಂದೆ. ಅದನ್ನು ಹೇಳಬೇಕಾದರೆ ಬಾಯಿ ಬಿಡಬೇಕು, ಬಾಯಿ ಬಿಟ್ಟರೆ ಉಸಿರು ಹೋಗಬೇಕು. ತಂಗಿಯ ಬೈಗುಳ ಉದ್ದದ್ದು. ಅದು ಮುಗಿಯುವಷ್ಟರಲ್ಲಿ ನನ್ನ ಅಳತೆ ಮುಗಿದಿತ್ತು.

ಆ ಅಳತೆಯಲ್ಲಿ ಹೊಲಿದ ಅಂಗಿ ತೊಟ್ಟು ಕನ್ನಡಿ ನೋಡಿ, "ಇದು ಮೈಗೆ ಕೂತಿದೆ ಮಾವ" ಎಂದ.

"ನೀನು ಮೊದಲಿಂದ್ಲೂ ಇಷ್ಟೇ ಇದ್ದೆ ಕಣೋ. ಎಲ್ಲೂ ಕರಗಿಲ್ಲ."

ಒಂದು ಅಂಗಿಯಿಂದ ಎಲ್ಲ ಸರಿಹೋಯಿತು ಎಂದು ಬಡಾಯಿ ಕೊಚ್ಚಬಹುದಿತ್ತು, ಬಡಾಯಿ ನನಗೆ ಇಷ್ಟವೇ. ಆದರೆ ಸರಿಹೋಗಿಲ್ಲ. ಈ ಭಾಷಣ ಮುಗಿದೊಡನೆ ಮೇಷ್ಟ್ರು ಮೊದಲು ನೀರಿಗಿಳಿದು ಈಜಿ ತೋರಿಸಬೇಕು. ಇವತ್ತು ಬೆಳಿಗ್ಗೆ ಬಂದು, "ನನ್ನಿಂದಾಗಲ್ಲ ಮಾವ, ಅಷ್ಟು ಜನರ ಮುಂದೆ. ಬೇರೆ ಯಾರನ್ನಾದ್ರೂ ಇಳಿಸಲಿ" ಎಂದ.

ಹಿಂದಿನ ಸಾಲಿನಲ್ಲಿ ಎದೆ ಉಬ್ಬಿಸಿ ಕೂತಿರುವ ತರುಣರೇ, ನಿಮ್ಮನ್ನು ಆಗಿನಿಂದ ನೋಡುತ್ತಿದ್ದೇನೆ. ಎಷ್ಟು ಹೊತ್ತು ಹಾಗೆ ಕೂರುತ್ತೀರಿ? ನಿಮ್ಮನ್ನು ಅಳೆಯಲು ಇಲ್ಲಿ ಯಾರೂ ಬಂದಿಲ್ಲ. ಬಿಡಿ, ಉಸಿರು ಬಿಡಿ. ನೋಡಿ, ಎಷ್ಟು ಚೆಂದ ಕಾಣುತ್ತೀರಿ.

ಇನ್ನು ಷರತ್ತಿನ ಬಾಬತ್ತು. ಅಧ್ಯಕ್ಷರೇ, ಈ ಕೋಟನ್ನು ಸ್ವಲ್ಪ ಹಿಡಿದುಕೊಳ್ಳಿ. ಮೆಲ್ಲಗೆ, ನನ್ನ ಭುಜಗಳು ಅದರಲ್ಲೇ ಇವೆ. ಹತ್ತಿ ತುಂಬಿದ್ದು, ಹೆಣ್ಣು ನೋಡಲು ಹೋಗುವ ಮುಂಚೆ ನಾನೇ ತುಂಬಿದ್ದು. ಇದು ನನ್ನ ಹೆಂಡತಿಗೂ ಗೊತ್ತಿಲ್ಲ. ಮೂರನೇ ಸಾಲಿನಲ್ಲಿ ನಗುತ್ತಿದ್ದಾಳೆ, ಅಂದರೆ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ಬಾಳಿದಳು.

ಎರಡನೆಯದು. ಹೊಳೆ ದಾಟಿದ್ದು ನಿಜ, ದೋಣಿಯಲ್ಲಿ. ನನಗೆ ಈಜು ಬರುವುದಿಲ್ಲ. ಈಗ ಈ ಹೊಟ್ಟೆ ಹೊತ್ತುಕೊಂಡು ಎಲ್ಲರ ಮುಂದೆ ನೀರಿಗೆ ಇಳಿಯುತ್ತಿದ್ದೇನೆ. ಕೈ ಹಿಡಿದುಕೊಳ್ಳಲು ನೀರೊಳಗೆ ಒಬ್ಬರು ಬೇಕು. ಅಳಿಯಾ, ನೀನು ಬಂದರೆ ನನಗೆ ಧೈರ್ಯ.

ಕೋಟು ಹಿಡಿದ ಅಧ್ಯಕ್ಷರಿಗೆ, ಉಸಿರು ಬಿಟ್ಟ ತರುಣರಿಗೆ, ನಗು ತಡೆದುಕೊಂಡ ತಾಯಂದಿರಿಗೆ ನನ್ನ ವಂದನೆಗಳು. ಮಾತು ಇಲ್ಲಿಗೆ ಸಾಕು, ಅವನು ಸೀಟಿಯನ್ನು ಜೇಬಿಗೆ ಹಾಕಿ ಕತ್ತಿನ ಗುಂಡಿಗೆ ಕೈ ಹಾಕಿದ್ದು ಇಲ್ಲಿಂದಲೇ ಕಾಣುತ್ತಿದೆ.

ನಮಸ್ಕಾರ.