ಹಾಜರಿ ಪುಸ್ತಕದಲ್ಲಿಲ್ಲದ ಕಾರಣ

ಅಧ್ಯಕ್ಷಸ್ಥಾನದಲ್ಲಿರುವ ರಾಮಸ್ವಾಮಿ ಮೇಷ್ಟ್ರೇ, ಈ ರೇಷ್ಮೆ ಕಾರ್ಖಾನೆಯ ಸಾಹುಕಾರರಾದ ದೊಡ್ಡವೆಂಕಟಪ್ಪನವರೇ, ಮತ್ತಿಗಿರಿಯ ಹಿರಿಯರೇ, ಗೂಡಿನಿಂದ ನೂಲು ಬಿಚ್ಚುವ ಅಕ್ಕಂದಿರೇ, ಸಭಿಕರೇ,

ನಾನು ಇಲ್ಲಿ ಹಾಜರಿ ಬರೆಯುವ ಆವುಲಪ್ಪ. ಮೇಷ್ಟ್ರ ಹತ್ತಿರ ನಾಲ್ಕನೇ ಕ್ಲಾಸಿನವರೆಗೆ ಓದಿದವನು. ಎದ್ದು ಪಾಠ ಒಪ್ಪಿಸು ಎಂದರೆ ಬೆಂಚಿನ ಕೆಳಗೆ ಚಪ್ಪಲಿ ಹುಡುಕುತ್ತಿದ್ದೆ. ನನಗೆ ಚಪ್ಪಲಿಯೇ ಇರಲಿಲ್ಲ. ವರ್ಷದಲ್ಲಿ ಒಂದು ದಿನವೂ ತಪ್ಪದೆ ಬಂದ ಪಾಪಮ್ಮನವರ ಹೆಸರು ಓದಿ ಕೂತುಕೋ ಎಂದು ಸಾಹುಕಾರರ ಅಪ್ಪಣೆಯಾಗಿದೆ. ಓದುತ್ತೇನೆ. ಆದರೆ ತಪ್ಪಿಸಿಕೊಂಡ ಒಬ್ಬರ ಹೆಸರನ್ನೂ ಹೇಳದೆ ಕೂರುವುದಿಲ್ಲ.

ಬಾರದವರ ಮುಂದೆ ಕಾರಣ ಬರೆಯಲು ನನಗೆ ನಾಲ್ಕೇ ಮಾತು ಕೊಟ್ಟಿದ್ದಾರೆ: ಜ್ವರ, ಬಾಣಂತನ, ಸಾವು, ಮೈಗಳ್ಳತನ. ತಿಂಗಳಲ್ಲಿ ಆರು ಸಲ ಮೈಗಳ್ಳತನ ಬಿದ್ದರೆ ಹೆಸರು ಹೊಡೆದುಹಾಕಬೇಕು. ಭದ್ರಮ್ಮನಿಗೆ ಆರೂ ಬಿದ್ದಿವೆ. ನಾಳೆ ಬೆಳಿಗ್ಗೆ ಆ ಹೆಸರನ್ನು ಹೊಡೆಯಬೇಕಾದವನು ನಾನು.

ಕೆಲಸಕ್ಕೆ ಬಾರದ ಮೊದಲ ದಿನವೇ ಆಕೆ ಹೇಳಿದ್ದಳು: "ಕತ್ತು ಹಿಡ್ಕಂಡೈತೆ ಕಣ್ಲಾ ಆವುಲಾ. ಏನಾನಾ ಬರಕೋ, ಮೈಗಳ್ಳಿ ಅಂತ ಮಾತ್ರ ಬರೀಬ್ಯಾಡ." ನಾನು ಅದನ್ನೇ ಬರೆದೆ. ಯಾಕೆ ಬರೆದೆ? ಭದ್ರಮ್ಮ ನನ್ನ ಸೋದರತ್ತೆ. ತಾಯಿ ಸತ್ತ ಮೇಲೆ ನನಗೆ ಮುದ್ದೆ ಇಟ್ಟವಳು. ನೆಂಟಸ್ತಿಕೆಗೆ ಸಡಿಲ ಬಿಟ್ಟನೆಂದು ಯಾರಾದರೂ ಅಂದಾರೆಂಬ ಭಯಕ್ಕೆ ಬರೆದೆ.

ಬರೆದ ಮೇಲೆ ಊಟ ಸೇರಲಿಲ್ಲ. ಎರಡು ವರ್ಷದ ಹಾಜರಿ ಪುಸ್ತಕ ತೆಗೆದು ನೋಡಿದೆ. ಏನು ಕಂಡಿತು? ಮೈಗಳ್ಳತನ ಬಿದ್ದವರು ಬೇರೆ ಬೇರೆ ಹೆಂಗಸರು, ಆದರೆ ಹೆಸರಿನ ಪಕ್ಕ ಬರೆದ ಒಲೆ ಅವೇ! ಗೂಡು ಬೇಯಿಸುವ, ಗೋಡೆ ಸಾಲಿನ ನಾಲ್ಕು ಒಲೆ. ಅಲ್ಲಿ ಸೂರು ಇಳಿದಿರುವುದರಿಂದ ಒಲೆಯನ್ನೂ ತಗ್ಗಾಗಿ ಕಟ್ಟಿದ್ದಾರೆ. ಕುದಿಯುವ ನೀರಿನಲ್ಲಿ ಎಳೆಯ ತುದಿ ಹುಡುಕುವವಳು ಎದೆಗೆ ಗದ್ದ ತಾಗುವಷ್ಟು ಬಗ್ಗಬೇಕು. ತಲೆ ಎತ್ತಿದರೆ ಎಳೆ ತುಂಡಾಗುತ್ತದೆ, ತುಂಡಾದರೆ ಬೈಗುಳ. ಎತ್ತರದ ಹೆಂಗಸಿಗೆ ಇನ್ನೂ ಕಷ್ಟ. ನಮ್ಮ ಅತ್ತೆ ಈ ಬಾಗಿಲು ದಾಟಲು ತಲೆ ತಗ್ಗಿಸುವಷ್ಟು ಎತ್ತರ. ಇನ್ನೊಂದು ಪದ್ಧತಿಯೂ ಇದೆ. ಅವರವರ ಒಲೆಗೆ ಅವರವರೇ ಸೌದೆ ಹೊತ್ತು ತರಬೇಕು. ದೂರದ ಹಳ್ಳಿಯವಳ ಕತ್ತು ಒಲೆ ಹಚ್ಚುವ ಮೊದಲೇ ಅರ್ಧ ದಿನದ ಕೆಲಸ ಮುಗಿಸಿರುತ್ತದೆ. ಒಮ್ಮೆ ಕತ್ತು ಹಿಡಿದವಳು ವಾಸಿಯಾಗುವ ಮೊದಲೇ ಅದೇ ಒಲೆಗೆ ಮರಳಿದರೆ ತಿಂಗಳೊಳಗೆ ಮತ್ತೆ ಮಲಗಿದ್ದಾಳೆ.

ಹಾಗಾದರೆ ಪಾಪಮ್ಮನವರು ಹೇಗೆ ಬಂದರು ಎನ್ನುವಿರಾ? ಅವರದು ಬಾಗಿಲ ಕಡೆಯ ಎತ್ತರದ ಒಲೆ, ಮನೆಯೂ ಕಾರ್ಖಾನೆಯ ಹಿಂದೆಯೇ. ಆದರೂ ಈಗ ಅವರನ್ನು ಹಿಂದಿನಿಂದ ಕೂಗಿ ನೋಡಿ. ಕತ್ತು ತಿರುಗುವುದಿಲ್ಲ, ಮೈಯೆಲ್ಲ ತಿರುಗುತ್ತದೆ.

ನಂಬಿಕೆ ಬಾರದೆ, ಅತ್ತೆ ಬಾರದ ಒಂದು ದಿನ ಅವಳ ಒಲೆಯ ಮುಂದೆ ನಾನೇ ಕೂತೆ. ಮಧ್ಯಾಹ್ನಕ್ಕೆ ಕತ್ತು ಮರದ ಕೊರಡಾಯಿತು. ಸಂಜೆ ಅತ್ತೆಯೇ ಉಪ್ಪು ಬಿಸಿ ಮಾಡಿ ಗಂಟು ಕಟ್ಟಿ ಶಾಖ ಕೊಟ್ಟಳು. ಕೊಡುತ್ತ ನಗುತ್ತ ಕೇಳಿದಳು: "ನಾಳೀಕೆ ನಿನ್ನ ಹೆಸರ ಮುಂದೆ ಏನಂತ ಬರಕತೀಯಪ್ಪಾ?"

ಮಾರನೆಯ ದಿನ ನನಗೆ ಏಳಲಾಗಲಿಲ್ಲ. ಅದರ ಮಾರನೆಯ ದಿನ ಬಂದು ಪುಸ್ತಕ ತೆರೆದೆ. ನನ್ನ ಹೆಸರ ಮುಂದೆ ಏನು ಬರೆದೆ ಗೊತ್ತೇ? ಜ್ವರ ಎಂದು ಬರೆದೆ.

ಇದನ್ನು ಹೇಳಲೆಂದೇ ಇಷ್ಟು ಹೊತ್ತು ನಿಂತಿದ್ದೇನೆ. ಸಾಹುಕಾರರೇ, ಗೋಡೆ ಸಾಲಿನ ಒಲೆಗಳನ್ನು ಒಂದು ಮೊಳ ಎತ್ತರಿಸಿ, ಸೂರನ್ನೂ ಎತ್ತಿಸಿ. ಸೌದೆ ಗಾಡಿಯಲ್ಲಿ ಬರಲಿ. ಗಳಿಗೆಗೊಮ್ಮೆ ತಲೆ ಎತ್ತಲು ಬಿಡಿ. ನಾನಂತೂ ಪುಸ್ತಕದಲ್ಲಿ ಐದನೆಯ ಕಾರಣ ಸೇರಿಸಿದ್ದೇನೆ: ಕತ್ತುನೋವು. ನನ್ನ ಹೆಸರ ಮುಂದಿನ ಜ್ವರವನ್ನು ಹೊಡೆದು, ಕತ್ತುನೋವಿನ ಅಡಿ ಮೊದಲು ನನ್ನ ಹೆಸರು ಬರೆದಿದ್ದೇನೆ, ಎರಡನೆಯದು ಭದ್ರಮ್ಮನದು. ನಾಳೆ ಹೊಡೆದುಹಾಕುವುದಾದರೆ ದಯವಿಟ್ಟು ಮೇಲಿನಿಂದ ಶುರುಮಾಡಿ.

ಪಾಪಮ್ಮನವರೇ, ಬಹುಮಾನದ ಸೀರೆ ತೆಗೆದುಕೊಳ್ಳಲು ಬನ್ನಿ. ನಡುಗುವವನ ಮಾತನ್ನು ನಡುವೆ ತಡೆಯದೆ ಕೇಳಿದ ಎಲ್ಲರಿಗೂ ಉಪಕಾರವಾಯಿತು. ಪಾಪಮ್ಮಕ್ಕ, ಅತ್ತೆ, ನೀವಿಬ್ಬರೂ ತಲೆ ಬಗ್ಗಿಸಬೇಡಿ. ನಿಮ್ಮ ಪಾಲಿನದನ್ನೂ ಸೇರಿಸಿ ನಾನೇ ಬಗ್ಗುತ್ತೇನೆ. ನಮಸ್ಕಾರ.