ಪೊಡಿಗೊಂದು ದೀರ್ಘ

ಇಲ್ಲ ಅತ್ತೆ, ಹಾಗೆ ಬರೆದಿದ್ದು ನಾನಲ್ಲ, ಕಂಪ್ಯೂಟರು! ಆ ಫೋನ್ ಕೆಳಗಿಡಿ, ಇಡ್ಲಿ ಆರ್ತಾ ಇದೆ... ಓದು ಅಂತೀರಾ? ಓದಿದೆ. ‘ವಣಕ್ಕಂ ಭೀಮಾಬಾಯಿ, ಪೋಡಿ!’ ಹೂಂ... ಪೊಡಿ ಅಂತಿರ್ಬೇಕಿತ್ತು. ಒಂದು ದೀರ್ಘ ಜಾಸ್ತಿ ಬಿದ್ದಿದೆ, ಅಷ್ಟೇ! ಅದು ತಮಿಳಲ್ಲಿ ‘ಹೋಗೇ’ ಅಂತಾಗುತ್ತೆ ಅಂತ ನಂಗೇನ್ ಗೊತ್ತು? ನಾನು ನಂಜನಗೂಡಿನವನು. ನಮ್ಮಲ್ಲಿ ಚಟ್ನಿಪುಡಿ. ಪುಡಿ! ಅದನ್ನ ಎಷ್ಟು ಎಳೆದ್ರೂ ಯಾರಿಗೂ ಬೈದಂಗೆ ಆಗಲ್ಲ. ತಮಿಳು ಅಕ್ಷರ ಒಂದೂ ಬರಲ್ಲ ನಂಗೆ... ಈಗ ಹೇಗೆ ಓದಿದೆ ಅಂತೀರಾ? ಅದು... ಊಹೆ!

ಯಾಕೆ ಹುಬ್ಬು ಹಾರಿಸ್ತೀರಿ? ನಿಮ್ಮ ಚಟ್ನಿಪೊಡಿಗೆ ಅಂತ ವೆಬ್‌ಸೈಟ್ ಮಾಡ್ಕೊಟ್ಟೋನೂ ನಾನೇ ತಾನೇ? ನನ್ನ ಕೆಲಸದ ಕಷ್ಟ ನಿಮಗೆ ಗೊತ್ತಿಲ್ಲ. ಪರದೆ ಮೇಲೆ ಒತ್ತೋ ಒಂದು ಗುಂಡಿ ನೀಲಿ ಇರ್ಬೇಕಾ ಹಸಿರು ಇರ್ಬೇಕಾ ಅಂತ ಹನ್ನೊಂದು ಜನ ಒಂದು ವಾರ ಜಗಳ ಆಡಿದೀವಿ! ಜಗಳ ಅಂದ್ರೆ... ಮೀಟಿಂಗು. ಅಂಥಾದ್ರಲ್ಲಿ ಒಂದು ದೀರ್ಘ ಯಾರ ಕಣ್ಣಿಗೆ ಬೀಳುತ್ತೆ?

ಕೋಪಾನಾ? ನಂಗಾ? ನಿಮ್ಮ ಮೇಲಾ? ಛೆ ಛೆ! ಶುಕ್ರವಾರದ್ದು ಆಗಲೇ ಮರೆತುಬಿಟ್ಟೆ! ಅಳಿಯ ಮನೆಯಿಂದಲೇ ಕೆಲಸ ಮಾಡ್ತಾನೆ, ಮೀಟಿಂಗಲ್ಲಿ ಮಾತಾಡ್ತಾ ಇದಾನೆ, ಕ್ಯಾಮೆರಾ ಬೇರೆ ಆನ್ ಇದೆ... ‘ಸುಮ್ನೆ ತಾನೇ ಕೂತಿದೀರಾ ಮಾಪ್ಳೆ’ ಅಂತ ಒಂದು ಮೊರ ಕರಿಬೇವು ತಂದು ನನ್ನ ತೊಡೆ ಮೇಲಿಟ್ರಿ. ಬಿಡಿಸಿದೆ. ಹನ್ನೊಂದು ಜನಾನೂ ನೋಡಿದ್ರು. ಮ್ಯಾನೇಜರ್ ಅಂತೂ, ‘ಪ್ರಮೋದ್, ಒಗ್ಗರಣೆ ಆಯ್ತಾ?’ ಅಂದ! ನಾನು ಅದನ್ನೆಲ್ಲ ಮನಸ್ಸಲ್ಲಿ ಇಟ್ಕೊಳ್ಳೋನಲ್ಲ ಅತ್ತೆ. ಒಂಚೂರೂ ಇಲ್ಲ. ಮರೆತೇ ಹೋಯ್ತು ಅಂದ್ನಲ್ಲ!

ಶ್ರೀವಿದ್ಯಾಗೆ ಮಾತ್ರ ಹೇಳ್ಬೇಡಿ. ಅಮ್ಮನ ಜೊತೆ ಇನ್ನೊಂದ್ಸಲ ಕಿತ್ತಾಡಿದ್ರೆ ನಾಳೆಯಿಂದ ಹೋಟೆಲ್ ಊಟ ಮಾಡ್ಕೊಳ್ಳಿ ಅಂದಿದಾಳೆ ನಿಮ್ಮ ಮಗಳು. ನಿಮ್ಮ ಪೊಡಿ ಇಲ್ದೆ ನಂಗೆ ಇಡ್ಲಿ ಇಳಿಯಲ್ಲ, ರಾಯರಾಣೆ! ಆ ದೀರ್ಘ ಎಲ್ರಿಗೂ ಹಾಗೇ ಬರುತ್ತೆ ಅತ್ತೆ, ನಿಮಗೊಬ್ಬರಿಗೇ ಅಲ್ಲ. ಬೇಕಾದ್ರೆ ಯಾರ ಫೋನಲ್ಲಾದ್ರೂ ನೋಡಿ...

ಇದು... ಯಾರ ಫೋನು? ಮೇಲ್ಗಡೆ ಮನೆ ಜಲಜಾ ಮಾಮೀದಾ? ಯಾವಾಗ ಇಸ್ಕೊಂಡ್ರಿ? ‘ವಣಕ್ಕಂ ಜಲಜಾ, ಪೊಡಿ!’ ಓ... ಇಲ್ಲಿ ಹ್ರಸ್ವ ಇದೆ.

ಅತ್ತೆ... ಬೈದ್ರೂ ಪರವಾಗಿಲ್ಲ, ಹೀಗೆ ಎರಡೂ ಫೋನ್ ಪಕ್ಕಪಕ್ಕ ಹಿಡೀಬೇಡಿ... ಹೂಂ. ನಿಮ್ಮ ಹೆಸರಲ್ಲಿ ವೆಬ್‌ಸೈಟ್ ಒಳಗೆ ಬಂದ್ರೆ ಮಾತ್ರ ಹಾಗೆ ಬರೋದು. ಶುಕ್ರವಾರ ಸಂಜೆ ಬರೆದೆ. ಒಬ್ಬನೇ ಒಂದ್ಸಲ ನೋಡಿ, ನಕ್ಕು, ಅಳಿಸಿಬಿಡೋಣ ಅಂತಿದ್ದೆ... ಮರೆತೆ. ತಪ್ಪಾಯ್ತು ಅತ್ತೆ.

ಅಯ್ಯೋ, ಡಬ್ಬಿ ಯಾಕೆ ಎತ್ಕೊಂಡು ಹೋಗ್ತಿದೀರಿ? ತಟ್ಟೇಲಿ ಇನ್ನೂ ಎರಡು ಇಡ್ಲಿ ಇದೆ! ಅತ್ತೆ, ಪೊಡಿ!

ಹ್ರಸ್ವ ಅತ್ತೆ, ಹ್ರಸ್ವ!