ಡೆಸ್ ಬಗ್ಗಿದ್ದು

ಆಸ್ಟ್ರೇಲಿಯಾದ ಡಬ್ಬೊ ಊರಲ್ಲಿ, ವಿಮೆ ಕಂಪನಿಯ ಡಾಕ್ಟರ ಕೋಣೆಯ ಹೊರಗೆ, ಕುರಿಯ ಉಣ್ಣೆ ಕತ್ತರಿಸುವ ಇಬ್ಬರು ಮುದುಕರು ನನ್ನ ಪಕ್ಕ ಕೂತಿದ್ದರು. ಅವರಲ್ಲೊಬ್ಬನಾದ ಡೆಸ್‌ ಸೊಂಟನೋವಿಗೆ ಪರಿಹಾರ ಕೇಳಿ ಹಾಕಿದ್ದ ಅರ್ಜಿ ಒಮ್ಮೆ ವಜಾ ಆಗಿತ್ತಂತೆ.

“ಹೋದ್ಸಲ ಏನ್ ಮಾಡ್ದೆ ಮಾರಾಯ?” ಎಂದ ಇನ್ನೊಬ್ಬ, ಮರ್ವ್.

“ಡಾಕ್ಟರ್ ಬಗ್ಗು ಅಂದ. ಬಗ್ಗಿ ಅಂಗೈ ನೆಲಕ್ಕಿಟ್ಟೆ. ಸೊಂಟ ಸರಿಯಾಗಿದೆ ಅಂತ ಬರೆದ್ಬಿಟ್ಟ.”

“ಲೋ, ನಲವತ್ತು ವರ್ಷ ಕುರಿ ಮೇಲೆ ಬಗ್ಗಿದೋನಿಗೆ ಬಗ್ಗೋದೇನ್ ಕಷ್ಟ? ನಿನ್ ಕಷ್ಟ ನೆಟ್ಟಗಾಗೋದಲ್ವಾ?”

“ಅದನ್ನ ಅವ್ನು ಕೇಳ್ಲೇ ಇಲ್ಲ. ನಾನಿನ್ನೂ ಬಗ್ಗಿರೋವಾಗ್ಲೇ ಮುಂದಿನೋನನ್ನ ಕರೆದ.”

ಒಳಗಿಂದ ಡೆಸ್‌ನ ಹೆಸರು ಕೂಗಿದರು. ಗಡಿಬಿಡಿಯಲ್ಲಿ ಏಳುವಾಗ ಅವನ ಕೈಯಿಂದ ಅರ್ಜಿ ಜಾರಿ ಬಿತ್ತು. ಅವನು ಸಲೀಸಾಗಿ ಬಗ್ಗಿ ಎತ್ತಿಕೊಂಡ, ನೆಟ್ಟಗಾಗಲಾರದೆ ಬಗ್ಗಿದ ಹಾಗೇ ಉಳಿದ.

“ಮರ್ವ್, ಸ್ವಲ್ಪ ಎತ್ತೋ.”

“ನಾನಂತೂ ಮುಟ್ಟಲ್ಲ,” ಎಂದು ಮರ್ವ್ ಬಾಗಿಲು ತೆರೆದು ಹಿಡಿದ. “ಹಾಗೇ ನಡಿ ಒಳಗೆ. ಈ ಸಲ ಅವನೇ ನೆಟ್ಟಗೆ ನಿಲ್ಲಿಸ್ಲಿ!”